ಐದನೆಯ ಠಸ್ಸೆ

ಟಪ್, ಟಪ್, ಟಪ್, ಟಪ್. ಒಂದು ಕ್ಷಣ ಬಿಟ್ಟು, ಇನ್ನೊಂದು ಟಪ್.

ಬ್ಲಡ್ ಬ್ಯಾಂಕಿನ ಗಾಜಿನ ಕಿಟಕಿಯ ಹಿಂದೆ ಕ್ಲರ್ಕ್ ಒಬ್ಬರು ರಬ್ಬರ್ ಠಸ್ಸೆ ಒತ್ತುತ್ತಿದ್ದ ಸದ್ದು ಅದು. ರಕ್ತದ ಒಂದೊಂದು ಚೀಲದ ಜೊತೆ ಹೋಗುವ ಕಾಗದಕ್ಕೆ ಐದು ಸಲ. ಐದು ಕಾಯಿಲೆ, ಐದು ಟೆಸ್ಟು, ಐದು ‘ನಾನ್-ರಿಯಾಕ್ಟಿವ್’. ಮೊದಲ ನಾಲ್ಕು ಠಸ್ಸೆಗಳ ರಬ್ಬರ್ ಸವೆದು ಅಕ್ಷರ ಮಂಕಾಗಿತ್ತು. ಐದನೆಯದು ಹೆಪಟೈಟಿಸ್ ಸಿ. ಆ ಟೆಸ್ಟು ಹೊಸದಾಗಿ ಕಡ್ಡಾಯವಾಗಿತ್ತು, ಠಸ್ಸೆಯೂ ಹೊಸದು. ಅದನ್ನು ಮೇಜಿನ ಇನ್ನೊಂದು ತುದಿಯಲ್ಲಿ ಇಟ್ಟಿದ್ದರು. ಅಲ್ಲಿಗೆ ಕೈ ಚಾಚುವಷ್ಟು ಹೊತ್ತು ಸದ್ದು ತಡೆಯುತ್ತಿತ್ತು. ಆಮೇಲೆ ಬೀಳುತ್ತಿದ್ದ ಗುರುತು ಮಾತ್ರ ಅಚ್ಚುಕಟ್ಟಾಗಿ, ಕಪ್ಪಗೆ, ಯಾರೂ ಸಂಶಯಪಡಲಾಗದ ಹಾಗೆ ಇರುತ್ತಿತ್ತು.

ನಾನು ಕಾರಿಡಾರಿನಲ್ಲಿ ವ್ಹೀಲ್‌ಚೇರಿನ ಮೇಲೆ ಕೂತು ಅದನ್ನೇ ಕೇಳುತ್ತಿದ್ದೆ. 2002ರ ಮೇ ತಿಂಗಳು, ವಡೋದರ. ನನಗೆ ಐವತ್ತೆರಡು. ತಿಂಗಳುಗಟ್ಟಲೆ ನಿಲ್ಲದ ಬ್ಲೀಡಿಂಗ್‌ನಿಂದ ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಗರ್ಭಕೋಶ ತೆಗೆಯಲೇಬೇಕು, ಆದರೆ ಎರಡು ಚೀಲ ರಕ್ತ ಏರಿಸದೆ ಆಪರೇಷನ್ ಟೇಬಲ್ ಮೇಲೆ ಮಲಗಿಸುವುದಿಲ್ಲ ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು. ನನ್ನದು ಬಿ ನೆಗೆಟಿವ್, ಸುಲಭಕ್ಕೆ ಸಿಗುವುದಲ್ಲ. ಬ್ಲಡ್ ಬ್ಯಾಂಕಿನಲ್ಲಿ ಇದ್ದದ್ದು ಒಂದೇ ಚೀಲ.

ಅದನ್ನೂ ನಮ್ಮ ಯಜಮಾನರು ಒಲ್ಲೆ ಎಂದರು. ಯಾರದೋ ಏನೋ, ಎಂದರು. ಆ ವರ್ಷ ಗುಜರಾತಿನಲ್ಲಿ ‘ಯಾರದೋ’ ಎಂಬ ಮಾತಿನ ಹಿಂದೆ ಏನೇನಿತ್ತು ಎಂದು ಅಲ್ಲಿ ಬದುಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ಡಾಕ್ಟರ್ ಗದರಿದ ಮೇಲೆ, ಒಂದು ಬ್ಯಾಂಕಿನದು ಇರಲಿ, ಇನ್ನೊಂದು ನಮ್ಮವರದೇ ಆಗಬೇಕು ಎಂಬಲ್ಲಿಗೆ ರಾಜಿಯಾಯಿತು.

ನಮ್ಮವರು ಎಂದರೆ ಕನ್ನಡದವರು. ಇವರು ಇನ್ಶೂರೆನ್ಸಿನಲ್ಲಿದ್ದು ಅಹ್ಮದಾಬಾದ್, ಸೂರತ್, ವಡೋದರ ಎಂದು ಮೂವತ್ತು ವರ್ಷ ಅಲ್ಲೇ ಸುತ್ತಿದವರು, ಕನ್ನಡ ಸಂಘದ ಸೆಕ್ರೆಟರಿ. ಸಂಘದ ಡೈರೆಕ್ಟರಿ ಎಂದರೆ ಇವರಿಗೆ ಪ್ರಾಣ. ಹೆಸರು, ಸ್ವಂತ ಊರು, ಇಲ್ಲಿಯ ವಿಳಾಸ, ಫೋನ್ ನಂಬರ್. ಭೂಕಂಪ ಆದಮೇಲೆ ಅದಕ್ಕೊಂದು ಹೊಸ ಕಾಲಂ ಸೇರಿಸಿದ್ದರು, ಬ್ಲಡ್ ಗ್ರೂಪ್. ನಮ್ಮವರ ಕಷ್ಟಕ್ಕೆ ನಮ್ಮವರ ರಕ್ತ ಎಂದು ರಾಜ್ಯೋತ್ಸವದ ದಿನ ಸ್ಟೇಜಿನ ಮೇಲೆ ಹೇಳಿದಾಗ ದೊಡ್ಡ ಚಪ್ಪಾಳೆ ಬಿದ್ದಿತ್ತು. ನಾನೂ ತಟ್ಟಿದ್ದೆ.

ಆ ಕಾಲಮ್ಮಿನಲ್ಲಿ ನನ್ನನ್ನು ಬಿಟ್ಟರೆ ಬಿ ನೆಗೆಟಿವ್ ಎಂದು ಇದ್ದದ್ದು ಒಬ್ಬನೇ, ವೀರೇಶ.

ವೀರೇಶ ಬೆಟಗೇರಿಯ ನೇಕಾರರ ಮನೆಯವನು. ಸೂರತ್ತಿನ ಉಧ್ನಾದ ಮಿಲ್ಲೊಂದರಲ್ಲಿ ಡೈಯಿಂಗ್ ಮಾಸ್ಟರ್, ಬಟ್ಟೆಗೆ ಬಣ್ಣ ಕೂಡಿಸುವ ಕೆಲಸ. ಇಪ್ಪತ್ತೆಂಟರ ಆಸುಪಾಸು. ಹಿಂದಿನ ವರ್ಷ ಯುಗಾದಿ ಊಟಕ್ಕೆ ನಮ್ಮ ಮನೆಗೆ ಬಂದಿದ್ದಾಗ, ನಾನು ಉಟ್ಟಿದ್ದ ನಮ್ಮಮ್ಮನ ಹಳೆಯ ರೇಷ್ಮೆ ಸೀರೆಯನ್ನು ಬಹಳ ಹೊತ್ತು ನೋಡಿದ್ದ. ಇದಕ್ಕೆ ಮ್ಯಾಚಿಂಗ್ ಬ್ಲೌಸ್ ಪೀಸ್ ಎಲ್ಲೂ ಸಿಗಲಿಲ್ಲಪ್ಪ, ಇಂಥ ಪಿಂಕ್ ಈಗ ಬರುವುದೇ ಇಲ್ಲ ಎಂದೆ. “ಇದು ಪಿಂಕ್ ಅಲ್ರಿ ಆಂಟಿ, ಉಳ್ಳಾಗಡ್ಡಿ ಸಿಪ್ಪಿ ಬಣ್ಣ. ನಾ ಮಾಡಿ ಕೊಡ್ತೀನ್ರಿ” ಎಂದು ಸೆರಗಿನ ಕುಚ್ಚಿನಿಂದ ನಾಲ್ಕು ಎಳೆ ಬಿಡಿಸಿಕೊಂಡು, ಪರ್ಸಿನಲ್ಲಿ ದೇವರ ಫೋಟೋ ಹಿಂದೆ ಇಟ್ಟುಕೊಂಡಿದ್ದ. ಆಮೇಲೆ ನಾನು ಅದನ್ನು ಮರೆತೆ.

ಇವರು ಫೋನ್ ಮಾಡಿದ ಮರುದಿನ ಬೆಳಗಿನ ಟ್ರೇನಿಗೇ ಬಂದ. ರಜೆ ಸಿಕ್ಕಿತೇ ಎಂದು ಕೇಳಿದೆ. ಕೇಳಿದರೆ ಕೊಡುವುದಿಲ್ಲ, ಅದಕ್ಕೆ ಕೇಳಲಿಲ್ಲ ಎಂದ.

ಬ್ಲಡ್ ಬ್ಯಾಂಕಿನ ಫಾರಂ ಗುಜರಾತಿಯಲ್ಲಿತ್ತು. ವೀರೇಶನಿಗೆ ಹಿಂದಿ ಬರುತ್ತಿತ್ತು, ಗುಜರಾತಿ ಓದಲು ಬರುತ್ತಿರಲಿಲ್ಲ. ಇವರು ಜೇಬಿನಿಂದ ಪೆನ್ ತೆಗೆದು ಬೆಂಚಿನ ಮೇಲೆ ಕೂತರು. ಊರಿಂದ ಹೊಸದಾಗಿ ಬಂದ ಕನ್ನಡದವರ ಫಾರಂಗಳನ್ನೆಲ್ಲ, ರೇಷನ್ ಕಾರ್ಡಿನಿಂದ ಹಿಡಿದು ಮಕ್ಕಳ ಅಡ್ಮಿಷನ್ ತನಕ, ಇವರೇ ತುಂಬಿಕೊಡುವುದು ವಾಡಿಕೆ. ಅದು ಸೇವೆಯೂ ಹೌದು, ಜಂಬವೂ ಹೌದು. ಹೆಸರು, ವಯಸ್ಸು ಕೇಳಿ ಬರೆದರು. ಪ್ರಶ್ನೆಗಳು ಶುರುವಾದಾಗ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದರು. ಮದುವೆಯಾಗದ, ಒಳ್ಳೆ ಮನೆತನದ ಹುಡುಗನಿಗೆ ಹೆಂಗಸರ ಎದುರಿಗೆ ಕೇಳುವಂಥವಲ್ಲ ಕೆಲವು. ಆ ಕೆಲವಕ್ಕೆ ಕೊಟ್ಟ ಮರ್ಯಾದೆಯಲ್ಲಿ ಉಳಿದವೂ ಕೊಚ್ಚಿ ಹೋದವು. ಗುಜರಾತಿಯಲ್ಲಿ ಇಲ್ಲ ಎನ್ನುವುದಕ್ಕೆ ‘ನಾ’ ಎನ್ನುತ್ತಾರೆ. ಇವರು ಮೇಲಿನಿಂದ ಕೆಳಗಿನವರೆಗೆ ನಾ, ನಾ, ನಾ ಎಂದು ಬರೆಯುತ್ತ ಹೋದರು.

ವೀರೇಶ ನನ್ನ ಕುರ್ಚಿಯ ಪಕ್ಕ ನಿಂತಿದ್ದ. ಬಲ ಅಂಗೈಯನ್ನು ಬಿಚ್ಚಿ ತೋರಿಸಿದ. ಹೆಬ್ಬೆರಳಿನ ಬುಡದಿಂದ ಕಿರುಬೆರಳಿನವರೆಗೆ ಒಂದು ಹಸಿ ಗುಲಾಬಿ ಗೀರು, ಎರಡೂ ಬದಿಗೆ ಸೂಜಿಯ ಚುಕ್ಕೆಗಳು.

“ಆಂಟಿ, ಹ್ವಾದ ತಿಂಗಳ ಮಷೀನಿನ್ಯಾಗ ಕೈ ಸಿಕ್ಕಿತ್ರಿ. ಮಿಲ್ ಬಾಜೂಕಿನ ದವಾಖಾನ್ಯಾಗ ಹೊಲಿಗಿ ಹಾಕ್ಯಾರ್ರಿ, ಎರಡ್ ಬಾಟ್ಲಿ ಗ್ಲೂಕೋಸ್ ಏರಿಸ್ಯಾರ್ರಿ. ನಡೀತೈತೇನ್ರಿ?”

ನಾನು ಇವರ ಕಡೆ ನೋಡಿದೆ. ಇವರು ತಲೆ ಎತ್ತಲಿಲ್ಲ. “ಅಯ್ಯೋ, ಗಾಯ ಆಗಿರೋದು ಕೈಗೆ ತಾನೇ? ರಕ್ತಕ್ಕೇನಾಗಿದೆ? ಗೂಳಿ ಹಾಗಿದ್ದೀಯ” ಎಂದು ನಕ್ಕರು. ವೀರೇಶನೂ ನಕ್ಕ. ನಾನೂ ನಕ್ಕೆ. ಇವರು ತೋರಿಸಿದ ಕಡೆ ಅವನು ಸಹಿ ಮಾಡಿದ, ಕನ್ನಡದಲ್ಲಿ. ಒಳಗೆ ಟೆಕ್ನಿಷಿಯನ್ ಗುಜರಾತಿಯಲ್ಲಿ ಏನೋ ಕೇಳಿದ್ದಕ್ಕೂ ಇವರೇ ಉತ್ತರ ಕೊಟ್ಟಿದ್ದು ಬಾಗಿಲಾಚೆಯಿಂದ ಕೇಳಿಸಿತು.

ಸಂಜೆಯ ಹೊತ್ತಿಗೆ ಅವನ ಕಾಗದದ ಮೇಲೂ ಐದು ಠಸ್ಸೆ ಬಿದ್ದವು. ಐದನೆಯದು ಎಲ್ಲಕ್ಕಿಂತ ಸ್ಪಷ್ಟ.

ರಕ್ತ ಏರಿಸುವಾಗ ನನಗೆ ಚಳಿ ಬಂತು. ಫ್ರಿಜ್ಜಿನಿಂದ ತಂದದ್ದು, ಹಾಗೇ ಆಗುತ್ತದೆ ಎಂದರು. ಎರಡನೆಯ ಚೀಲ, ವೀರೇಶನದು, ತೂಗುಹಾಕಿದಾಗ ಇವರು ಅದನ್ನು ಮುಟ್ಟಿ, ಇದು ನಮ್ಮದು, ಈಗ ನಿನಗೆ ಗುಣವಾಯಿತು ನೋಡು ಎಂದರು.

ಏಳೆಂಟು ವಾರ ಕಳೆದಿರಬೇಕು. ಆಪರೇಷನ್ನಿನ ಗಾಯ ಮಾಗಿತ್ತು, ಆದರೆ ಅನ್ನದ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು. ಫತೇಗಂಜಿನ ಶಾಲೆಗೆ ಮರಳಿ ಇಂಗ್ಲಿಷ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದೆ. ಒಂದು ದಿನ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, ಮ್ಯಾಮ್, ಯುವರ್ ಐಸ್ ಆರ್ ಯೆಲ್ಲೋ ಎಂದಳು. ಇಡೀ ಕ್ಲಾಸು ನನ್ನ ಕಣ್ಣನ್ನು ನೋಡಿತು. ಅಂದೇ ಟೆಸ್ಟು. ಮೂರು ದಿನದ ಮೇಲೆ ರಿಪೋರ್ಟು. ಅದರಲ್ಲಿ ‘ನಾನ್’ ಎಂಬ ಮೂರಕ್ಷರದ ಇಂಗ್ಲಿಷ್ ತುಂಡು ಇರಲಿಲ್ಲ. ಬರೀ ರಿಯಾಕ್ಟಿವ್.

ಲಿವರ್ ಡಾಕ್ಟರ್ ಇದ್ದದ್ದು ಅಹ್ಮದಾಬಾದಿನಲ್ಲಿ. ಅವರ ವೇಟಿಂಗ್ ರೂಮನ್ನು ನೆನೆದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ. ಸದ್ದಿಲ್ಲದ ಟೀವಿಯಲ್ಲಿ ಅತ್ತೆ ಸೊಸೆಯರು ಜಗಳವಾಡುತ್ತಿದ್ದರು. ಜನ ಸ್ಟೀಲ್ ಡಬ್ಬಿಯಲ್ಲಿ ಥೇಪ್ಲಾ ರೊಟ್ಟಿ ತಂದು, ತಿನ್ನಲಾಗದೆ ಮುಚ್ಚಿಡುತ್ತಿದ್ದರು. ಹೊಟ್ಟೆ ಉಬ್ಬಿದವರು, ಕಾಲು ಊದಿದವರು, ನೋಡಲು ಏನೂ ಆಗದ ನನ್ನಂಥವರು. ಪಕ್ಕದಲ್ಲಿ ಕೂತ ಹೆಂಗಸು ಹೆಸರು ಕೇಳುವ ಮುಂಚೆ, ತಮಾರು ಬಿ ಕೆ ಸಿ, ಎಂದು ಕೇಳಿದಳು. ನಿಮ್ಮದು ಬಿ-ಯೋ ಸಿ-ಯೋ ಎಂದು. ಸ್ಕೂಲಿನಲ್ಲಿ ಯಾವ ಸೆಕ್ಷನ್ ಎಂದು ಕೇಳಿದ ಹಾಗೆ. ಸಿ ಎಂದೆ. ಅವಳ ಗಂಡನದೂ ಸಿ ಅಂತೆ. ಸಿ ಸೆಕ್ಷನ್ನಿನವರು ನಿಧಾನ ಅಕ್ಕಾ, ಆದರೆ ಬಿಡುವುದಿಲ್ಲ ಎಂದು ನಕ್ಕಳು. ಮುಂದಿನ ಸಲ ಹೋದಾಗ ಅವಳು ಇರಲಿಲ್ಲ. ನಾನು ಕೇಳಲೂ ಇಲ್ಲ.

ನನ್ನ ಮಗಳು ಅನು ಅಹ್ಮದಾಬಾದಿನಲ್ಲೇ ಇದ್ದಳು. ವಡೋದರದಲ್ಲಿ ಬೆಳೆದವಳು, ಕನ್ನಡದಲ್ಲಿ ಬೈಯಲು ಬಾರದು, ಇಂಗ್ಲಿಷಿನಲ್ಲಿ ಬೇಕಾದ್ದು ಹೇಳುತ್ತಾಳೆ. ಡಾಕ್ಟರನ್ನು ನೋಡಿ ಅವಳ ಮನೆಗೆ ಹೋದೆವು. ಎರಡೂವರೆ ವರ್ಷದ ಮೊಮ್ಮಗಳು ಓಡಿ ಬಂದು ಕಾಲು ತಬ್ಬಿದಳು. ಅನು ಮಗುವನ್ನು ನನ್ನಿಂದ ಬಿಡಿಸಿಕೊಂಡು, “ಮಮ್ಮಿ, ಪ್ಲೀಸ್. ಜಸ್ಟ್ ಫಾರ್ ನೌ” ಎಂದಳು. ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಉಂಡರೆ ಬರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದನ್ನು ಅವಳೂ ಕೇಳಿದ್ದಳು. ಊಟಕ್ಕೆ ಕೂತಾಗ ನನ್ನ ತಟ್ಟೆಯ ಪಕ್ಕ ಒಂದು ಪಿಂಗಾಣಿ ಮಗ್ ಇತ್ತು, ಹ್ಯಾಪಿ ಬರ್ತ್‌ಡೇ ಎಂದು ಬರೆದದ್ದು. ಉಳಿದವರಿಗೆಲ್ಲ ಸ್ಟೀಲ್ ಲೋಟ. ಅಲ್ಲಿಂದ ಮುಂದೆ ಒಂದೂವರೆ ವರ್ಷ ಆ ಮನೆಯಲ್ಲಿ ನಾನು ನೀರು ಕುಡಿದದ್ದು ಆ ಬರ್ತ್‌ಡೇ ಮಗ್ಗಿನಲ್ಲೇ.

ಈ ಕಾಯಿಲೆ ಇರುವವರು ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯಲ್ಲೂ ಒಂದು ಬೇರೆ ಲೋಟ ಇರುತ್ತದೆಂದು ನನಗೆ ಗೊತ್ತು. ಪ್ರೀತಿ ಇಲ್ಲದವರು ಇಡುವುದಲ್ಲ ಅದು. ಪ್ರೀತಿ ಇದ್ದೂ ಇಡುತ್ತಾರೆ, ಅದಕ್ಕೇ ಅಷ್ಟು ಉರಿಯುವುದು.

ಎಲ್ಲಿಂದ ಬಂತು ಎಂದು ಡಾಕ್ಟರ್ ಕೇಳಿದರು. ಎರಡೇ ಚೀಲ ರಕ್ತ. ಇವರಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ನಾನು ಹೇಳಿರಲಿಲ್ಲವೇ, ಆ ಯಾರದೋ ರಕ್ತ ಬೇಡ ಅಂತ, ಎಂದು ಬ್ಲಡ್ ಬ್ಯಾಂಕಿಗೆ ಹೋಗಿ ಮೇಜು ಗುದ್ದಿ ಬಂದರು. ಅಲ್ಲಿಯ ಮೆಡಿಕಲ್ ಆಫೀಸರ್, ಮಿತ ಮಾತಿನ ಒಬ್ಬ ಹೆಂಗಸು, ಬೈಗುಳವನ್ನೆಲ್ಲ ಕೇಳಿಸಿಕೊಂಡು ಆ ಡೋನರನ್ನು ಹುಡುಕಿಸಿ ಕರೆಸಿದರು. ವರ್ಷಕ್ಕೆ ಮೂರು ಸಲ ರಕ್ತ ಕೊಡುವ ಮನುಷ್ಯನಂತೆ. ಕರೆದ ದಿನವೇ ಬಂದು ಕೈ ಚಾಚಿ ಹೋದನಂತೆ. ಅವನ ರಕ್ತ ಕನ್ನಡಿಯ ಹಾಗಿತ್ತು.

ಉಳಿದದ್ದು ನಮ್ಮದು.

ವೀರೇಶನಿಗೆ ಫೋನ್ ಮಾಡಿ, ಸಣ್ಣದೊಂದು ಟೆಸ್ಟು, ಬಂದು ಹೋಗು ಎಂದರು. ಬಂದ. ಈ ಸಲವೂ ಏನೂ ಕೇಳಲಿಲ್ಲ. ರಿಪೋರ್ಟು ಬರುವ ದಿನ ನಾವು ಮೂವರೂ ಅದೇ ಕಾರಿಡಾರಿನಲ್ಲಿ ಅದೇ ಬೆಂಚಿನ ಮೇಲೆ ಕೂತಿದ್ದೆವು. ಆಫೀಸರ್ ಹಿಂದಿಯಲ್ಲಿ ಅವನಿಗೆ ನೇರವಾಗಿ ಹೇಳಿದರು. ಅಂದು ರಕ್ತ ಕೊಟ್ಟಾಗಲೇ ಕಾಯಿಲೆ ಒಳಗಿತ್ತು, ಹೊಸದು, ಟೆಸ್ಟಿಗೆ ಇನ್ನೂ ಮುಖ ತೋರಿಸಿರಲಿಲ್ಲ, ಕೆಲವು ವಾರ ಹಾಗಿರುತ್ತದೆ, ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಿದರೂ ಬರುತ್ತದೆ, ಅದಕ್ಕೇ ಫಾರಂನಲ್ಲಿ ಅಷ್ಟು ಪ್ರಶ್ನೆ ಕೇಳುವುದು, ಎಂದರು. ವೀರೇಶನಿಗೆ ತನ್ನ ಕಾಯಿಲೆಯ ವಿಷಯ ತಲೆಗೆ ಹೋಗಲೇ ಇಲ್ಲ. ನನ್ನ ಕಡೆ ತಿರುಗಿದ.

“ಆಂಟಿ, ನನ್ನಿಂದ ಆತೇನ್ರಿ?”

ನಾನು ಗೋಡೆಯ ಕಡೆ ಮುಖ ಮಾಡಿದೆ. ಅಲ್ಲಿ ರಕ್ತದಾನ ಮಹಾದಾನ ಎಂಬ ಪೋಸ್ಟರ್ ಇತ್ತು. ಅವನು ಹೊರಟು ಹೋಗುವವರೆಗೂ ಅದನ್ನೇ ಓದುತ್ತಿದ್ದೆ.

ಇವರು ಸ್ಕೂಟರ್ ತರಲು ಹೋದಾಗ ಆಫೀಸರ್ ನನ್ನನ್ನು ಒಳಗೆ ಕರೆದು ಒಂದು ಫಾರಂ ಮುಂದಿಟ್ಟರು. ಗುಜರಾತಿ ಓದುತ್ತೀರಾ ಎಂದರು. ಓದುತ್ತಿದ್ದೆ. ಆರು ತಿಂಗಳ ಒಳಗೆ ಆಪರೇಷನ್, ಹೊಲಿಗೆ, ಇಂಜೆಕ್ಷನ್, ಬಾಟಲಿ ಏನಾದರೂ? ಅದರ ಮುಂದೆ ನಾ. ಉದ್ದ ಬಾಲದ ನಾ. ಮೂವತ್ತು ವರ್ಷ ಕಿರಾಣಿ ಚೀಟಿಯಲ್ಲಿ, ಗ್ಯಾಸ್ ಬುಕ್ಕಿನಲ್ಲಿ, ಮಗಳ ಪ್ರೋಗ್ರೆಸ್ ಕಾರ್ಡಿನಲ್ಲಿ ನೋಡಿದ ಅಕ್ಷರ. ಕೆಳಗೆ ಬೇರೆ ಇಂಕಿನಲ್ಲಿ, ಕನ್ನಡದಲ್ಲಿ, ವೀರೇಶ ಎಂದು ಸಹಿ. ಇಡೀ ಕಾಗದದಲ್ಲಿ ಅವನದೆಂದು ಇದ್ದದ್ದು ಆ ಮೂರಕ್ಷರ ಮಾತ್ರ. ಆಫೀಸರ್ ಅದರ ಝೆರಾಕ್ಸ್ ತೆಗೆದು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಆ ಹುಡುಗ ಕೇಳಿದರೆ ತೋರಿಸಿ, ಅವನಿಗೆ ಬೇಕಾಗಬಹುದು ಎಂದರು.

ಮನೆಗೆ ಬಂದು ಇವರ ಕಾಫಿ ಲೋಟದ ಪಕ್ಕದಲ್ಲಿ ಇಟ್ಟೆ. ಓದಿದರು. ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ವಾಪಸ್ ಕೊಟ್ಟರು. “ಆವತ್ತು ನೀನು ಸಾಯ್ತಾ ಇದ್ದೆ. ಪ್ರಶ್ನೆ ಓದ್ತಾ ಕೂರಬೇಕಾಗಿತ್ತಾ ನಾನು?” ಅಷ್ಟೇ. ಆಮೇಲೆ ನಾವು ಆ ಕಾಗದದ ವಿಷಯ ಎತ್ತಲಿಲ್ಲ. ಅವರು ತೀರಿಕೊಳ್ಳುವವರೆಗೂ.

ಸುದ್ದಿ ಅಷ್ಟರಲ್ಲಿ ಸಂಘದ ಕಿವಿಗೆ ಬಿದ್ದಿತ್ತು. ಕಮಿಟಿಯವರು ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಸೇರಿದರು. ಟೀ ಮಾಡುತ್ತೇನೆ ಎಂದು ಎದ್ದೆ. ಬೇಡಿ, ನೀವು ರೆಸ್ಟ್ ಮಾಡಿ ಎಂದು ಒಬ್ಬರು ಚೀಲದಿಂದ ಫ್ಲಾಸ್ಕ್ ತೆಗೆದರು, ಇನ್ನೊಬ್ಬರು ಪೇಪರ್ ಕಪ್ಪುಗಳ ಕಟ್ಟು ಬಿಚ್ಚಿದರು. ನನ್ನ ಮನೆಯಲ್ಲಿ, ನನ್ನ ಸೋಫಾದ ಮೇಲೆ ಕೂತು, ಅವರು ತಂದ ಟೀಯನ್ನು ಅವರು ತಂದ ಕಪ್ಪಿನಲ್ಲಿ ಕುಡಿದರು. ನನಗೂ ಒಂದು ಕಪ್ ಕೊಟ್ಟರು.

ಆ ವೀರೇಶ ಮುಚ್ಚಿಟ್ಟ ಎಂದು ಯಾರು ಮೊದಲು ಅಂದರೋ ನೆನಪಿಲ್ಲ. ಇವರು ಅನ್ನಲಿಲ್ಲ, ಅಷ್ಟು ಹೇಳಬೇಕು. ಇವರು ಅಲ್ಲ ಎಂದೂ ಹೇಳಲಿಲ್ಲ. ಸೂರತ್ತಿನಲ್ಲಿ ಒಂಟಿಯಾಗಿರುವವರು ಎಲ್ಲೆಲ್ಲಿ ಹೋಗುತ್ತಾರೋ ಎಂದು ಒಬ್ಬರು. ಅವರ ಪೈಕಿ ಹಾಗೇ ಬಿಡಿ ಎಂದು ಇನ್ನೊಬ್ಬರು. ರಕ್ತ ಬೇಕಾದಾಗ ಅವನು ನಮ್ಮವನು, ಈಗ ಅವನದೊಂದು ಪೈಕಿ. ಕೊನೆಗೆ ಟ್ರೆಷರರ್ ನನ್ನ ಕಡೆ ತಿರುಗಿದರು.

“ಮೇಡಂ, ನೀವು ಅಲ್ಲೇ ಇದ್ರಲ್ಲ. ಅವನು ರಕ್ತ ಕೊಡೋಕೆ ಮುಂಚೆ ನಿಮಗಾದರೂ ಏನಾದ್ರೂ ಹೇಳಿದ್ನಾ?”

ಮೈಸೂರಿನಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಅಲೋಷಿಯಾ ಎಂಬ ನನ್ ಇದ್ದರು. ಕ್ಲಾಸಿನಲ್ಲಿ ಏನಾದರೂ ಒಡೆದರೆ, ಕಳೆದರೆ, ಎಲ್ಲರನ್ನೂ ಎದ್ದು ನಿಲ್ಲಿಸಿ, ಓನ್ ಅಪ್, ಗರ್ಲ್ಸ್, ಎಂದು ಕೈಗಡಿಯಾರ ನೋಡುತ್ತ ಕೂರುತ್ತಿದ್ದರು. ಯಾರಾದರೂ ಒಪ್ಪಿಕೊಳ್ಳುವವರೆಗೆ ಯಾರೂ ಕೂರುವಂತಿಲ್ಲ. ಹನ್ನೊಂದು ವರ್ಷ ಅಲ್ಲಿ ಓದಿದೆ. ತಪ್ಪು ಮಾಡಿದಾಗಲೂ ನಾನು ಒಮ್ಮೆಯೂ ಬಾಯಿ ಬಿಟ್ಟವಳಲ್ಲ. ಕಾಲು ಸೋತ ಇನ್ಯಾರೋ ಒಬ್ಬಳು ತಾನು ಮಾಡದ್ದನ್ನು ಒಪ್ಪಿಕೊಳ್ಳುತ್ತಿದ್ದಳು, ನಾನು ಕೂರುತ್ತಿದ್ದೆ.

“ಇಲ್ಲ. ನನಗೇನೂ ಹೇಳಲಿಲ್ಲ” ಎಂದೆ.

ಇವರು ಪೇಪರ್ ಕಪ್ಪನ್ನು ಹಿಸುಕಿ ಕಸದ ಬುಟ್ಟಿಗೆ ಹಾಕಿದರು. ಅಲ್ಲಿಗೆ ಮೀಟಿಂಗ್ ಮುಗಿಯಿತು.

ಆಮೇಲಿನದೆಲ್ಲ ನನ್ನ ಕಿವಿಗೆ ತುಂಡುತುಂಡಾಗಿ ಬಂತು. ಕಮಿಟಿಯ ಒಬ್ಬರಿಗೆ ಉಧ್ನಾದ ಮಿಲ್ ಮಾಲೀಕರ ಪರಿಚಯವಿತ್ತು, ಬೇರೆಯವರ ಹಿತಕ್ಕೆ ಎಂದು ಹೇಳಿ ಬಂದರಂತೆ. ಹೆಪಟೈಟಿಸ್ ಸಿ ಎಂದರೆ ಮಿಲ್ಲಿನವರಿಗೆ ಏನು ಗೊತ್ತು, ಏಡ್ಸ್ ಎಂದೇ ತಿಳಿದರಂತೆ. ಕೆಲಸ ಹೋಯಿತು. ಜೊತೆಗಿದ್ದ ಮೂವರು ಅವನ ಟ್ರಂಕನ್ನು ರೂಮಿನ ಹೊರಗಿಟ್ಟರಂತೆ. ಹುಬ್ಬಳ್ಳಿಯಲ್ಲಿ ನಿಶ್ಚಯವಾಗಿದ್ದ ಹೆಣ್ಣಿನವರಿಗೂ ಯಾರೋ ಕಾಗದ ಬರೆದರು. ಸೂರತ್ತಿನಲ್ಲೇ ಕತಾರ್‌ಗಾಮಿನ ಯಾವುದೋ ಸಣ್ಣ ಘಟಕದಲ್ಲಿ ಸೀರೆ ಮಡಿಸುವ ಕೆಲಸ ಹಿಡಿದನೆಂದು ಕೇಳಿದೆ. ಬಣ್ಣ ಕೂಡಿಸುವವನು ಬೇರೆಯವರು ಕೂಡಿಸಿದ ಬಣ್ಣವನ್ನು ಮಡಿಸುತ್ತ ಕೂತ. ಮುಂದಿನ ವರ್ಷದ ಡೈರೆಕ್ಟರಿ ಬಂದಾಗ ‘ವ’ ಅಕ್ಷರದ ಪುಟ ತೆಗೆದು ನೋಡಿದೆ. ವಿಜಯಲಕ್ಷ್ಮಿ, ಆಮೇಲೆ ವೆಂಕಟೇಶ. ನಡುವೆ ಜಾಗವನ್ನೂ ಬಿಟ್ಟಿರಲಿಲ್ಲ.

‘ಮರೆತೆ’ ಎಂದು ಹೇಳಿಕೊಳ್ಳಲಾಗದ ಮಾತೂ ಒಂದಿದೆ. ನನ್ನ ಟ್ರೀಟ್‌ಮೆಂಟ್ ಶುರುಮಾಡುವಾಗ ಲಿವರ್ ಡಾಕ್ಟರ್, ಆ ಡೋನರ್‌ಗೂ ಇದು ಬೇಕಾಗುತ್ತದೆ, ನನ್ನ ಹತ್ತಿರ ಕಳಿಸಿ, ಬಿಟ್ಟರೆ ಒಳಗೊಳಗೇ ಲಿವರ್ ತಿಂದುಹಾಕುತ್ತದೆ ಎಂದರು. ಶೂರ್, ಡಾಕ್ಟರ್ ಎಂದರು ಇವರು. ಟ್ರೇನಿನಲ್ಲಿ ಕೂತ ಮೇಲೆ, ವೀರೇಶನಿಗೆ ಹೇಳುತ್ತೀರಾ ಎಂದು ಕೇಳಿದೆ. ಅವನ ತಲೆನೋವು ನಮಗ್ಯಾಕೆ ಎಂದು ಪೇಪರ್ ಬಿಡಿಸಿದರು. ನಾನೇ ಫೋನ್ ಮಾಡಬಹುದಿತ್ತು. ನಂಬರ್ ಹಳೆಯ ಡೈರೆಕ್ಟರಿಯಲ್ಲಿತ್ತು.

ತಾನಾಗಿಯೇ ಹೋದೀತೇನೋ ಎಂದು ನಾಲ್ಕು ತಿಂಗಳು ಕಾದು ನೋಡಿ ಇಂಜೆಕ್ಷನ್ ಆರಂಭಿಸಿದರು. ವಾರಕ್ಕೊಂದು ಇಂಟರ್‌ಫೆರಾನ್, ದಿನಕ್ಕಿಷ್ಟು ಕ್ಯಾಪ್ಸೂಲ್, ಆರು ತಿಂಗಳು. ಇವರ ಆಫೀಸಿನ ಮೆಡಿಕಲ್ ಸ್ಕೀಮು ಇತ್ತು, ಖರ್ಚಿನ ಚಿಂತೆ ನಮಗೆ ಬರಲಿಲ್ಲ. ಗುರುವಾರ ಇಂಜೆಕ್ಷನ್. ಗುರುವಾರ ಸಂಜೆಯಿಂದ ಶನಿವಾರದವರೆಗೆ ಮೂಳೆಯೊಳಗೆ ಯಾರೋ ಐಸ್ ತುರುಕಿದ ಹಾಗೆ. ಎರಡನೆಯ ತಿಂಗಳು ಕೂದಲು ಬಾಚಣಿಗೆಯಲ್ಲಿ ಉಂಡೆಯುಂಡೆಯಾಗಿ ಬಂತು. ಮೂರನೆಯ ತಿಂಗಳು ಇನ್ನೊಂದು ಶುರುವಾಯಿತು, ಅದನ್ನು ಡಾಕ್ಟರ್ ಡಿಪ್ರೆಷನ್ ಎಂದರು. ಅಡುಗೆಮನೆಯ ಕಟ್ಟೆ ಹಿಡಿದು ನಿಂತರೆ, ಯಾಕೆ ನಿಂತಿದ್ದೇನೆ ಎಂದು ತಿಳಿಯದೆ ಅರ್ಧ ದಿನ ಹೋಗುತ್ತಿತ್ತು. ಔಷಧಿಯಿಂದ ಹೀಗೆ, ಹೋಗುತ್ತದೆ ಎಂದರು. ನನಗೆ ಮಾತ್ರ ಅದು ಔಷಧಿಯಿಂದಷ್ಟೇ ಬಂದದ್ದಲ್ಲ ಎಂದು ಗೊತ್ತಿತ್ತು.

ಆ ಆರು ತಿಂಗಳಲ್ಲಿ ನನ್ನನ್ನು ಮನುಷ್ಯಳ ಹಾಗೆ ನೋಡಿದ್ದು ಇಂಜೆಕ್ಷನ್ ಕೊಡಲು ಬರುತ್ತಿದ್ದ ನರ್ಸ್, ಹಂಸಾಬೆನ್. ದಪ್ಪನೆಯ ಹೆಂಗಸು, ಮೆಟ್ಟಿಲು ಹತ್ತಿ ಬಂದಾಗ ಏದುಸಿರು. ಮೊದಲ ದಿನ ಬಂದವರೇ ಪಾಣಿ ಎಂದು ಕೇಳಿ, ನಾನು ಒಳಗಿನಿಂದ ತರುವಷ್ಟರಲ್ಲಿ ನನ್ನ ಮಂಚದ ಪಕ್ಕ ನಾನು ಅರ್ಧ ಕುಡಿದಿಟ್ಟ ಲೋಟ ಎತ್ತಿ ಗಟಗಟ ಕುಡಿದುಬಿಟ್ಟರು. ಅಯ್ಯೋ, ಅದು ನನ್ನದು ಎಂದೆ. ನೀರು ತಾನೇ, ಎಂದರು. ಸಾರು ಥೈ ಜಶೆ, ಎಲ್ಲ ಸರಿಹೋಗುತ್ತದೆ, ಎಂದು ತೋಳು ತಟ್ಟಿ ಸೂಜಿ ಚುಚ್ಚಿದರು. ಅವರು ಹೋದಮೇಲೆ ಆ ಲೋಟವನ್ನು ಹಿಡಿದುಕೊಂಡು ಅತ್ತೆ. ಅಳುತ್ತಿರುವಾಗಲೇ ಹೊಳೆಯಿತು: ಕತಾರ್‌ಗಾಮಿನಲ್ಲಿ ವೀರೇಶನ ಲೋಟದಲ್ಲಿ ಯಾರು ಕುಡಿಯುತ್ತಾರೆ.

ನನಗೆ ಗುಣವಾಯಿತು. ಔಷಧಿ ನಿಲ್ಲಿಸಿ ಆರು ತಿಂಗಳಾದ ಮೇಲಿನ ಟೆಸ್ಟಿನಲ್ಲೂ ವೈರಸ್ ಕಾಣಲಿಲ್ಲ. ಡಾಕ್ಟರ್ ಎದ್ದು ನಿಂತು ಕೈ ಕುಲುಕಿದರು. ಅನು ಮೊಮ್ಮಗಳನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಮಗುವಿಗೆ ಆಗ ನಾಲ್ಕು. ನನ್ನ ಮುಖವನ್ನೂ ಅಮ್ಮನ ಮುಖವನ್ನೂ ನೋಡಿ, ಇಳಿದು ಹೋಯಿತು.

ಈಗ ಇವರು ಇಲ್ಲ. ನನಗೆ ಎಪ್ಪತ್ತೈದು ದಾಟಿದೆ. ಇವರು ಹೋದ ಮೇಲೆ ವೀರೇಶನನ್ನು ಹುಡುಕಿಸಿದೆ. ಸೂರತ್ತಿನ ಹಳೆಯ ಪರಿಚಯದವರಿಗೆ ಅವನ ನೆನಪೇ ಇಲ್ಲ. ಬೆಟಗೇರಿಗೆ ಬರೆದ ಕಾಗದ ವಾಪಸ್ ಬಂತು. ಈಗ ಮಾತ್ರೆಯಲ್ಲೇ ಈ ಕಾಯಿಲೆ ವಾಸಿಯಾಗುತ್ತದಂತೆ, ಕೂದಲು ಉದುರದೆ, ಮೂಳೆ ನಡುಗದೆ. ರಕ್ತ ಕೊಡುವವರಿಗೆ, ತೆಗೆದುಕೊಳ್ಳುವವರಿಗೆ ನಾನು ಹೇಳುವುದು ಒಂದೇ: ಆ ಫಾರಂ ಅನ್ನು ಕೊಡುವವರೇ ಓದಲಿ. ಓದಲು ಬಾರದಿದ್ದರೆ ಅವರ ಭಾಷೆಯಲ್ಲಿ ಓದಿಸಿ, ಬೇರೆಯವರನ್ನು ಹೊರಗೆ ಕಳಿಸಿ, ನಾಚಿಕೆಯ ಪ್ರಶ್ನೆಯನ್ನೂ ಬಿಡದೆ ಕೇಳಿ, ಉತ್ತರ ಬರುವವರೆಗೆ ಕಾಯಿರಿ. ನಮ್ಮವರು ಎಂಬ ಕಾರಣಕ್ಕೆ ಒಂದು ಪ್ರಶ್ನೆಯನ್ನೂ ಹಾರಿಸಬೇಡಿ.

ಇದನ್ನು ನಾನು ಇಪ್ಪತ್ತು ವರ್ಷದ ಹಿಂದೆ ಹೇಳಬೇಕಿತ್ತು. ಹೇಳಲು ಹೋಗಿದ್ದೆ ಕೂಡ.

ಗುಣವಾದ ಮರುವರ್ಷ ಸೂರತ್ತಿನಲ್ಲಿ ನಮ್ಮ ಕಡೆಯವರದೊಂದು ಮದುವೆ. ಇವರಿಗೆ ಮಂಡಿನೋವು, ನಾನೊಬ್ಬಳೇ ಹೋದೆ. ಹೊರಡುವ ಮುಂಚೆ ಆ ಝೆರಾಕ್ಸಿನ ಕವರನ್ನು ಬೀರುವಿನಿಂದ ತೆಗೆದು ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಂಡೆ. ಮದುವೆಗೆ ಬಂದವರೊಬ್ಬರ ಮೂಲಕ ವೀರೇಶನ ಘಟಕದ ಫೋನ್ ನಂಬರ್ ಸಿಕ್ಕಿತು. ವಾಪಸ್ ಹೋಗುವ ದಿನ ಉಧ್ನಾ ಸ್ಟೇಷನ್ನಿಗೆ ಬಾ ಎಂದೆ. ಬರುತ್ತೇನೆ ಎಂದ.

ಮಧ್ಯಾಹ್ನ. ಟ್ರೇನು ನಲವತ್ತು ನಿಮಿಷ ಲೇಟು. ಪ್ಲಾಟ್‌ಫಾರಂ ತುಂಬ ಬಟ್ಟೆಯ ಬೇಲುಗಳು. ಅವುಗಳ ನಡುವಿನಿಂದ ಅವನು ಬಂದ. ಶರ್ಟು ಬೇರೆ ಯಾರದೋ ಎನ್ನುವಷ್ಟು ದೊಡ್ಡದಾಗಿತ್ತು. ನನ್ನ ಕಾಲು ಮುಟ್ಟಲು ಬಗ್ಗಿದವನು ಅರ್ಧಕ್ಕೆ ನಿಂತು, ಕೈ ಹಿಂದೆ ತೆಗೆದುಕೊಂಡು ನಮಸ್ಕಾರ ಮಾಡಿದ. ನನ್ನ ಮುಖವನ್ನು, ಹಿಂದೆ ಸೀರೆ ನೋಡಿದ್ದ ಹಾಗೆ, ಬಹಳ ಹೊತ್ತು ನೋಡಿದ.

“ಕಣ್ಣು ಬೆಳ್ಳಗ ಆಗ್ಯಾವ್ರಿ ಆಂಟಿ. ಚಲೋ ಆತ್ರಿ.”

ಅವನ ಕಣ್ಣು ಯಾವ ಬಣ್ಣದಲ್ಲಿತ್ತು ಎಂದು ತಿಳಿಯಲು ಡೈಯಿಂಗ್ ಮಾಸ್ಟರ್ ಆಗಬೇಕಾಗಿರಲಿಲ್ಲ. ಯಾರಿಗಾದರೂ ತೋರಿಸಿಕೊಂಡೆಯಾ ಎಂದು ಕೇಳಿದೆ. ಏನು ತೋರಿಸುವುದು, ಈ ಕಾಯಿಲೆಗೆ ಔಷಧಿ ಇಲ್ಲವಂತಲ್ಲ ಎಂದ. ಯಾರು ಹೇಳಿದರು ಎಂದು ನಾನು ಕೇಳಲಿಲ್ಲ. ಇದೆ ಎಂದೂ ಹೇಳಲಿಲ್ಲ. ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದನ್ನೂ ಹೇಳಬೇಕಾಗುತ್ತಿತ್ತು.

ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಪುಟ್ಟ ಪೊಟ್ಟಣ ತೆಗೆದ. ಬ್ಲೌಸ್ ಪೀಸು. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ. ಮಿಲ್ಲು ಬಿಡುವ ವಾರ ಬಣ್ಣ ಹಾಕಿದ್ದೆ, ಕೊಡುವುದು ಆಗಿರಲಿಲ್ಲ ಎಂದ. ಬಿಡಿಸಿ ನೋಡಿದೆ. ಅಮ್ಮನ ಸೀರೆಯಿಂದಲೇ ಕತ್ತರಿಸಿದ ಹಾಗಿತ್ತು. ಹ್ಯಾಂಡ್‌ಬ್ಯಾಗಿನ ಝಿಪ್ ತೆಗೆದೆ. ಒಳಗೆ ಕವರು ಇತ್ತು. ಬಟ್ಟೆಯನ್ನು ಅದರ ಮೇಲೆ ಇಟ್ಟೆ.

ಆಗ ಅವನು ಕೇಳಿದ. “ಆಂಟಿ, ಒಂದ್ ಮಾತ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ನಾ ಸುಳ್ಳ ಬರದು ಸಹಿ ಮಾಡೀನಿ ಅಂತಾರ್ರಿ ಎಲ್ಲಾರೂ. ನಂಗ ಆ ಭಾಷಾ ಓದಾಕ ಬರಂಗಿಲ್ಲ. ಕೈ ಗಾಯದ್ದು ಹೇಳಿದ್ದೆ ಅಂತ ನನಗ ನೆನಪೈತ್ರಿ. ಹೇಳಿದ್ನೋ, ಹೇಳೇನಿ ಅಂತ ಅನ್ಕೊಂಡೀನೋ, ಈಗೀಗ ನನಗ ತಿಳೀವಲ್ದು. ನೀವ ಅಲ್ಲೇ ಇದ್ರಲ್ಲ. ನಾ ಹೇಳಿದ್ನೇನ್ರಿ?”

ಕವರು ಒಂದು ಗೇಣು ದೂರದಲ್ಲಿತ್ತು. ಟ್ರೇನು ಬರಲು ಇನ್ನೂ ಹೊತ್ತಿತ್ತು.

“ನನಗೆ ಆಗ ಮೈಮೇಲೆ ಎಚ್ಚರ ಇರಲಿಲ್ಲಪ್ಪ” ಎಂದೆ. “ನೆನಪಿಲ್ಲ.”

ತಲೆಯಾಡಿಸಿದ. “ಹೌದ್ರಿ, ನಿಮಗರೇ ಹ್ಯಾಂಗ ನೆನಪಿರ್ತೈತಿ” ಎಂದ. ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ.

ಟ್ರೇನು ಬಂದಾಗ ಜನ ನುಗ್ಗಿದರು. ಅವನು ನನ್ನ ಕೈಯಿಂದ ಸೂಟ್‌ಕೇಸನ್ನೂ ಹ್ಯಾಂಡ್‌ಬ್ಯಾಗನ್ನೂ ತೆಗೆದುಕೊಂಡು ಮುಂದೆ ನಡೆದ. ಸೂಟ್‌ಕೇಸನ್ನು ಸೀಟಿನ ಕೆಳಗೆ ತಳ್ಳಿ, ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಇಳಿದು ಹೋದ. ಹ್ಯಾಂಡ್‌ಬ್ಯಾಗ್ ಅವನ ಹೆಗಲಲ್ಲೇ ಉಳಿದಿತ್ತು. ಟ್ರೇನು ಅಲುಗಿದಾಗ ನೆನಪಾಗಿ ಕಿಟಕಿಯ ಹತ್ತಿರ ಓಡಿ ಬಂದ. ಬ್ಯಾಗು ಸರಳುಗಳ ನಡುವೆ ತೂರಲಿಲ್ಲ. ಕೂಡಲೇ ಬಾಗಿಲ ಬಳಿ ಹೋಗಿ, ನಿಂತಿದ್ದವರ ಕೈಗೆ ಕೊಟ್ಟ. ಅದು ಕೈಯಿಂದ ಕೈಗೆ ನನ್ನ ತನಕ ಬಂತು.

ಹೊರಗೆ ನೋಡಿದೆ. ಅವನು ಕಿಟಕಿಯ ಜೊತೆಗೇ ನಡೆಯುತ್ತಿದ್ದ, ಬಲಗೈ ಎತ್ತಿ. ಅಂಗೈಯಲ್ಲಿ ಆ ಗೀರು ಬೆಳ್ಳಗಾಗಿತ್ತು. ಅದೇ ಕೈಯಿಂದ ಬ್ಯಾಗಿನ ಕಡೆ ತೋರಿಸುತ್ತ ಹೇಳಿದ.

“ಬಾಯಿ ತೆರದೈತ್ರಿ ಆಂಟಿ. ಝಿಪ್ ಹಾಕ್ಕೋರಿ.”

ಹಾಕಿಕೊಂಡೆ. ತಲೆ ಎತ್ತುವಷ್ಟರಲ್ಲಿ ಬರೀ ಬಟ್ಟೆಯ ಬೇಲುಗಳಿದ್ದವು.